ಬಹಸ್ ಅಂದರೆ ಎಮ್ಮೆ ಅಲ್ಲ

ನಮ್ಮ ಶಾಲೆಗೆ ಆರು ಎಮ್ಮೆ ನುಗ್ಗಿದ್ದು ನನ್ನಿಂದಲೇ. ಹತ್ತಿರ ಹತ್ತಿರ ಎಂಬತ್ತು ವರ್ಷ ಆಯಿತು, ಈಗಲಾದರೂ ಒಪ್ಪಿಕೊಳ್ಳುತ್ತೇನೆ... ನಾನು ಹೇಳಿದ್ದನ್ನು ಟೈಪ್ ಮಾಡುತ್ತಿರುವ ಮೊಮ್ಮಗಳು ಈಗಲೇ ನಗುತ್ತಿದ್ದಾಳೆ.

ನಿಜಾಮರ ಕಾಲ. ಮಸ್ಕಿ ಪಕ್ಕದ ನಮ್ಮೂರಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಹೈದರಾಬಾದ್ ಕಡೆಯ ಮಾಸ್ತರರಿಗೆ ಕನ್ನಡ ಬರದು, ಹುಡುಗರಿಗೆ ಉರ್ದು ಬರದು.

ಲಿಂಗಸುಗೂರಿನ ಮಾವನ ಮನೆಯಲ್ಲಿ ಎರಡು ತಿಂಗಳು ಇದ್ದು ಬಂದ ನಾನೇ ಕ್ಲಾಸಿನ ಉರ್ದು ಪಂಡಿತ! ಅವರು ಹೇಳಿದ್ದನ್ನು ಕನ್ನಡದಲ್ಲಿ ಎಲ್ಲರಿಗೂ ಹೇಳುವುದು ನನ್ನ ಕೆಲಸ.

ದುರುಗಪ್ಪ ಮಾತ್ರ ಹೊಸ್ತಿಲ ಹೊರಗೆ ಕೂರುತ್ತಿದ್ದ. ಅವನ ಜಾತಿಯವರು ಒಳಗೆ ಬರುವಂತಿರಲಿಲ್ಲ. ಅವನ ಬೊಗಸೆಗೆ ನಾವೇ ಮೇಲಿಂದ ನೀರು ಸುರಿಯಬೇಕು. ಒಳಗೆ ಬಾಗಿಲ ಪಕ್ಕದಲ್ಲಿದ್ದ ನೀರಿನ ಹಂಡೆಯನ್ನು ಅವನು ಅಪ್ಪಿತಪ್ಪಿ ಮುಟ್ಟಿದರೆ ಅಷ್ಟೂ ನೀರು ಚೆಲ್ಲುತ್ತಿದ್ದೆವು.

ಮಾಸ್ತರರಿಗೆ ಇದು ಹಿಡಿಸಲಿಲ್ಲ. ಒಂದು ದಿನ ಶಾಲೆ ಬಿಡುವಾಗ, "ಕಲ್ ಪಾನಿ ಪೇ ಬಹಸ್. ಸಬ್ ತಯಾರ್ ಆನಾ" ಅಂದರು.

ನಾನು ಎದ್ದು ನಿಂತು ಸಾರಿದೆ, "ನಾಳಿ ಎಲ್ಲಾರೂ ನೀರು ಕುಡಸಾಕ ಎಮ್ಮಿ ಹೊಡ್ಕೊಂಡು ಬರ್ಬೇಕಂತ್ರಲೇ!"

ಬೆಳಿಗ್ಗೆ ಅಂಗಳದ ತುಂಬ ಎಮ್ಮೆ. ನಮ್ಮ ಮನೆಯ ಎಮ್ಮೆ ಗೌರಿ ಸೀದಾ ಕ್ಲಾಸಿಗೇ ಬಂದು ಹಂಡೆಗೆ ಬಾಯಿ ಹಾಕಿದಳು.

ಮಾಸ್ತರರು ಕುರ್ಚಿ ಹತ್ತಿ ಕೂಗುತ್ತಿದ್ದಾರೆ, "ಮೈ ಬಹಸ್ ಬೋಲಾ, ಭೈಂಸ್ ನಹೀಂ!" ನೀರಿನ ಬಗ್ಗೆ ಬಹಸ್, ಅಂದರೆ ಚರ್ಚೆ, ಮಾಡೋಣ ಅಂದದ್ದು ನನ್ನ ಕಿವಿಗೆ ಭೈಂಸ್, ಅಂದರೆ ಎಮ್ಮೆಯಾಗಿ ಬಿದ್ದಿತ್ತು...

ನಾವೆಲ್ಲ ಗೋಡೆಗೆ ಅಂಟಿಕೊಂಡೆವು. ದಿನಾ ಸಂಜೆ ಊರ ಎಮ್ಮೆ ಕಾಯುತ್ತಿದ್ದ ದುರುಗಪ್ಪನೇ ಒಳಗೆ ಬಂದು ಗೌರಿಯ ಕೊಂಬು ಹಿಡಿದ.

ಗಾಬರಿಗೆ ನನ್ನ ಬಾಯಿ ಒಣಗಿತ್ತು. ಹಂಡೆಗೆ ಲೋಟ ಅದ್ದಿ ಗಟಗಟ ಕುಡಿದೆ.

ದುರುಗಪ್ಪ ನನ್ನನ್ನೇ ನೋಡಿದ. "ಎಮ್ಮಿ ಬಾಯಿ ಹಾಕಿದ ನೀರು ಕುಡದಿ. ನಾ ಮುಟ್ಟಿದ್ರ ಯಾಕ ಚೆಲ್ತೀರಲೇ?"



"ಕ್ಯಾ ಬೋಲಾ?" ಅವನೇನಂದ ಅಂತ ಮಾಸ್ತರರು ನನ್ನನ್ನು ಕೇಳಿದರು. ಏನಾದರೂ ಸುಳ್ಳು ಹೇಳಿ ಪಾರಾಗಬಹುದಿತ್ತು. ನಾಚಿಕೆಯಾಗಿ ತಲೆ ತಗ್ಗಿಸಿದೆ, ಆದರೆ ಒಂದು ಮಾತೂ ಬಿಡದೆ ಉರ್ದುವಿನಲ್ಲಿ ಹೇಳಿದೆ.

"ಯಹೀ ಬಹಸ್ ಹೈ!" ಇದೇ ಚರ್ಚೆ ಅಂತ ಮಾಸ್ತರರು ಕುರ್ಚಿಯ ಮೇಲಿಂದಲೇ ನನ್ನತ್ತ ಬೆರಳು ತೋರಿಸಿದರು.

ಗಡಿಬಿಡಿಯಲ್ಲಿ ನಾನು ಅದನ್ನೂ ಕನ್ನಡಕ್ಕೆ ತಂದುಬಿಟ್ಟೆ, "ಇದಽ ಎಮ್ಮಿ ಅಂತ್ರಲೇ!"

ಎಲ್ಲರೂ ನನ್ನನ್ನೇ ನೋಡಿದರು. ಮೊದಲು ನಕ್ಕವನು ದುರುಗಪ್ಪ.

ಆಮೇಲೆ ಅವನು ತಾನೇ ಲೋಟ ಅದ್ದಿ ನೀರು ಕುಡಿದ. ಯಾರೂ ಚೆಲ್ಲಲಿಲ್ಲ. ಮರುದಿನದಿಂದ ನನ್ನ ಪಕ್ಕದಲ್ಲೇ ಕೂತ. ಮನೆಯಲ್ಲಿ ಅಜ್ಜ ನನಗೆ ಬಾರಿಸಿದ್ದು ಬೇರೆ ಮಾತು.

ಇರುವವರೆಗೂ ದುರುಗಪ್ಪ ನನ್ನನ್ನು "ಏ ಎಮ್ಮಿ" ಎಂದೇ ಕರೆದ.

ನಿಮ್ಮ ಕ್ಲಾಸಿನಲ್ಲಿ ಎಮ್ಮೆ ಯಾರಾಗಿದ್ದರು?