ಮಂಡಿಯೂರದ ಆರ್ಲೊ

ಆರ್ಲೊ ವೊಯ್ಟೆಕ್‌ನ ಮುಖಕ್ಕಿಂತ ಅವನ ಕೈ ನನಗೆ ಚೆನ್ನಾಗಿ ಗೊತ್ತು. ನಮ್ಮೂರು ಟಾರೆಂಟ್‌ನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಅವನು ಕ್ವಾರ್ಟರ್‌ಬ್ಯಾಕ್, ನಾನು ಸೆಂಟರ್. ನಾನು ಬಗ್ಗಿ ನಿಂತು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡಬೇಕು, ಅವನು ತೆಗೆದುಕೊಂಡು ದೂರಕ್ಕೆ ಎಸೆಯಬೇಕು. ನಮ್ಮಿಬ್ಬರ ಯೌವನ ಕಳೆದದ್ದೇ ಹೀಗೆ. ವಾರವಿಡೀ ಉಕ್ಕಿನ ಕಾರ್ಖಾನೆ, ಶನಿವಾರ ಮೈದಾನ. ದೊಡ್ಡ ಲೀಗಿನವರು ಒಮ್ಮೆ ಕರೆಸಿ, ಆಳು ಕುಳ್ಳ ಎಂದು ವಾಪಸು ಕಳಿಸಿದ್ದರು. ಆಮೇಲೆ ಅವನು ಊರು ಬಿಡಲಿಲ್ಲ. ಊರೂ ಅವನನ್ನು ಬಿಡಲಿಲ್ಲ.

ಕಟಿಂಗ್ ಅಂಗಡಿಯಲ್ಲಿ ಅವನಿಗೆ ಸರದಿ ಅನ್ನುವುದೇ ಇರಲಿಲ್ಲ. ಚರ್ಚಿನಿಂದ ಹೊರಬರುವ ಅಜ್ಜಿಯಂದಿರು ಅವನ ಬಲ ಭುಜ ಸವರಿಯೇ ಮುಂದೆ ಹೋಗುತ್ತಿದ್ದರು. ಗಾರ್ತ್ ಲುಡ್ವಿಗ್‌ನ ಬಾರಿನಲ್ಲಂತೂ ಗಲ್ಲಾದ ಮೇಲೆ ಆರ್ಲೊನ ಆಳೆತ್ತರದ ಫೋಟೋ. ಹೊಸಬರು ಯಾರೇ ಬರಲಿ, ಗಾರ್ತ್ ಅದನ್ನು ತೋರಿಸಿ, "ನಮ್ ಹುಡುಗ ಕಣ್ರೀ, ನಮ್ ಹುಡುಗ" ಎನ್ನುತ್ತಿದ್ದ. ಅವನಷ್ಟು ದೊಡ್ಡ ಗಂಟಲಿನ ಅಭಿಮಾನಿ ಇನ್ನೊಬ್ಬನಿರಲಿಲ್ಲ. ಮೈದಾನದ ಬೆಂಚುಗಳಲ್ಲಿ ಅವನ ಕೆಳಗಿನ ಸಾಲಿನಲ್ಲೇ ಆರ್ಲೊನ ತಂದೆ ಶ್ಟೆಫಾನ್ ಕೂರುತ್ತಿದ್ದ. ಕುಲುಮೆಯ ಮುಂದೆ ಬೆಂದು ನಿವೃತ್ತನಾದ ಮುದುಕ. ಮಗ ಗೆದ್ದರೆ ಟೋಪಿ ತೆಗೆಯುತ್ತಿದ್ದ, ಸೋತರೆ ಹಾಕಿಕೊಳ್ಳುತ್ತಿದ್ದ, ಅಷ್ಟೇ.

ನದಿಯಾಚೆಯ ವೈಲಿ ಊರಿನ ವಿರುದ್ಧ ಫೈನಲ್ ಇದ್ದ ವಾರ ಅಭ್ಯಾಸದಲ್ಲಿ ಆರ್ಲೊನ ಹೆಬ್ಬೆರಳು ಮುರಿಯಿತು. ಊದಿ ಬದನೆಕಾಯಿ ಹಾಗಾಗಿತ್ತು. ತಂಡದ ಯಜಮಾನ ಪೆಲ್ ಎಂಬವನು ಬಂದು, "ನೀನಿಲ್ದೆ ಜನ ಬರ್ತಾರೇನೋ? ಸೂಜಿ ಹಾಕಿಸ್ಕೋ, ಬಾಯಿ ಮುಚ್ಕೊಂಡು ಆಡು" ಎಂದ. ಆರ್ಲೊ ಆಡಿದ. ಕೊನೆಯ ಎಸೆತ ಬೆರಳಿನಿಂದ ಜಾರಿ ನೇರ ವೈಲಿಯವನ ಎದೆಗೆ ಹೋಯಿತು. ಸೋತೆವು. ಆ ಸಂಜೆಯೇ ಪೆಲ್ ರೇಡಿಯೋದಲ್ಲಿ ಹೇಳಿದ: "ಕೈ ಸರಿಯಾಗೇ ಇತ್ತು. ಎದೇಲಿ ದಮ್ಮಿರ್ಲಿಲ್ಲ."

ಅಷ್ಟರಲ್ಲಿ ಮೈದಾನದಲ್ಲಿ ಇನ್ನೊಂದು ನಡೆದುಹೋಗಿತ್ತು. ಜನ ಮಗನನ್ನು ಬಾಯಿಗೆ ಬಂದಂತೆ ಬೈಯುವುದನ್ನು ಕೇಳಲಾರದೆ ಶ್ಟೆಫಾನ್ ಎದ್ದು ಹಿಂದಕ್ಕೆ ತಿರುಗಿ, "ಅವನ ಬೆರಳು ಮುರಿದಿದೆ ಕಣ್ರಯ್ಯಾ!" ಎಂದು ಕೂಗಿದ. ಯಾರೋ ಅವನ ತಲೆಗೆ ಬಿಯರ್ ಸುರಿದರು. ಯಾರೋ ತಳ್ಳಿದರು. ಮುದುಕ ಬೆಂಚುಗಳ ಮೇಲಿಂದ ಉರುಳಿ ಕೆಳಗೆ ಬಿದ್ದ. ಸೊಂಟದ ಮೂಳೆ ಮುರಿಯಿತು. ಸುತ್ತ ನೂರಾರು ಜನರಿದ್ದರು. ಯಾರೂ ಏನೂ ನೋಡಿರಲಿಲ್ಲ.

ಆಸ್ಪತ್ರೆಯಲ್ಲಿ ನಾನೂ ಇದ್ದೆ. ಆರ್ಲೊ ತಂದೆಯ ಮಂಚದ ಪಕ್ಕ ಕೂತು ಕೇಳಿದ: "ಯಾರಪ್ಪಾ ತಳ್ಳಿದ್ದು?"

"ಜನ."

"ಜನಕ್ಕೂ ಹೆಸರಿರತ್ತಪ್ಪಾ."

"ಬಿಡೋ ಅತ್ಲಾಗೆ. ಸೋತಾಗ ಹೀಗೆಲ್ಲ ಆಗತ್ತೆ."

ಆರ್ಲೊ ಬಿಡುವವನೇ ಇದ್ದನೇನೋ. ಆದರೆ ಮರುದಿನ ಬೆಳಿಗ್ಗೆ ಅವನ ಮನೆಯ ಜಗುಲಿಯ ತುಂಬ ಕೋಳಿ ಪುಕ್ಕ. ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ "ಪುಕ್ಕಲ" ಎಂದು ಬರೆದಿತ್ತು. ಗಾರ್ತ್ ಬಾರಿನ ಫೋಟೋ ಕಿತ್ತು ಗಂಡಸರ ಮೂತ್ರಖಾನೆಯ ಗೋಡೆಗೆ ಹಾಕಿದ್ದಾನೆಂದು ಸುದ್ದಿ ಬಂತು. ಆರ್ಲೊನ ಹೆಂಡತಿ ವಿಲ್ಮಾ ಪುಕ್ಕ ಗುಡಿಸಿದಳು. ಬಾಗಿಲು ಒರೆಸಲು ಹೋದ ಗಂಡನ ಕೈಯಿಂದ ಬಟ್ಟೆ ಕಸಿದುಕೊಂಡು, "ಇರ್ಲಿ ಬಿಡು. ನಾನು ದಿನಾ ಓದ್ಕೋಬೇಕು" ಎಂದಳು.

ವಿಲ್ಮಾಳದು ಮುಖ್ಯ ಬೀದಿಯಲ್ಲಿ ಬೇಕರಿ. ಅವಳು ಮಾಡುವ ಅಕ್ರೋಟಿನ ಸುರುಳಿ ಇಲ್ಲದೆ ಟಾರೆಂಟ್‌ನಲ್ಲಿ ಕ್ರಿಸ್ಮಸ್ ಆಗುತ್ತಿರಲಿಲ್ಲ. ಆ ವಾರದಿಂದ ಅವಳು ಬ್ರೆಡ್ಡಿಗೆ ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳತೊಡಗಿದಳು: "ಅವತ್ತು ನೀವು ಎಲ್ಲಿ ಕೂತಿದ್ರಿ?" ಉತ್ತರ ಬಂದಮೇಲೇ ಬ್ರೆಡ್ಡು. ಜನ ಬರುವುದು ಕಡಿಮೆಯಾಯಿತು. ಅವಳು ಒಲೆ ಆರಿಸಲಿಲ್ಲ, ಪ್ರಶ್ನೆಯನ್ನೂ ಬಿಡಲಿಲ್ಲ. ಕೊನೆಗೆ ಚರ್ಚಿನಲ್ಲಿ ಆರ್ಗನ್ ನುಡಿಸುವ ವಿಧವೆ ಅಗಾಥಾ ಒಂದು ದಿನ ಬಂದು, ಅಂಗಡಿ ಖಾಲಿ ಇದೆಯೆಂದು ನೋಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು: "ಗಾರ್ತ್. ಎರಡೂ ಕೈಯಿಂದ. ಆಮೇಲೆ ಅಲ್ಲೇ ಕೂತು ಅಳ್ತಾ ಇದ್ದ."

ಅಂದು ವಿಲ್ಮಾ ಮನೆಗೆ ಬಂದು ಅದನ್ನು ಹೇಳಿದಾಗ ನಾನು ಅವರ ಅಡುಗೆಮನೆಯಲ್ಲೇ ಇದ್ದೆ. ಹೆಸರು ಕೇಳಿದ್ದೇ ಆರ್ಲೊ ಎದ್ದು ಕೋಟು ಹಾಕಿಕೊಂಡ. ವಿಲ್ಮಾ ಬಾಗಿಲಿಗೆ ಅಡ್ಡ ನಿಂತಳು.

"ಹೊಡೀತೀಯಾ?"

"ಇನ್ನೇನ್ ಮುತ್ತಿಡ್ಲಾ?"

"ಹೊಡೆದ್ರೆ ನಾಳೆ ಐಸ್ ಇಟ್ಕೊಂಡು ಸರಿ ಹೋಗ್ತಾನೆ. ಅವನಿಗೆ ಹೆಂಡ್ತಿಯಿಲ್ಲ, ಮಕ್ಕಳಿಲ್ಲ. ಆ ಟೀಮೊಂದೇ ಅವನ ಪ್ರಾಣ. ಮುರಿಯೋದಾದ್ರೆ ಅದನ್ನ ಮುರಿ."

ಆರ್ಲೊ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ. ಬಹಳ ಹೊತ್ತು ತನ್ನ ಹೆಬ್ಬೆರಳನ್ನು ಮಡಚಿ ಬಿಚ್ಚಿ ನೋಡುತ್ತ ಕೂತ. ಆಮೇಲೆ ನನ್ನ ಕಡೆ ತಿರುಗಿದ. "ಒಟಿಸ್, ನಾನು ಸೇತುವೆ ದಾಟ್ತೀನಿ."

"ವೈಲಿಗಾ? ನಮ್ ಮೇಲೇ ಆಡ್ತೀಯೇನೋ?"

"ನಿಮ್ ಮೇಲಲ್ಲ. ಆ ಬೆಂಚುಗಳ ಮೇಲೆ."

ವೈಲಿಯ ಕೋಚ್ ನಕ್ಕುಬಿಟ್ಟನಂತೆ. "ಅಲ್ಲಯ್ಯಾ, ನೀನು ಬಿದ್ದು ಸಾಯ್ಲಿ ಅಂತ ಇಷ್ಟು ವರ್ಷ ಬೇಡ್ಕೊಂಡಿದೀವಿ. ಈಗ ನಮ್ ಮನೆ ಬಾಗಿಲಿಗೆ ಬಂದಿದೀಯ!" ಆದರೂ ಸೇರಿಸಿಕೊಂಡ. ನಲವತ್ತರ ಹತ್ತಿರದ ಆರ್ಲೊ ಇಪ್ಪತ್ತರ ಹುಡುಗರ ಜೊತೆ ಬೇಸಿಗೆಯಿಡೀ ಬೆವರಿದ. ನಾನು ಅವನೊಂದಿಗೆ ಮಾತು ಬಿಟ್ಟೆ. ನನ್ನ ತಂಡ ಅದು, ಸಿಟ್ಟು ಬರದೇ ಇರುತ್ತದೆಯೆ?

ಮನೆಯೊಳಗೂ ಒಂದು ನದಿ ಹರಿಯಿತು. ಊರುಗೋಲು ಹಿಡಿದು ನಡೆಯುವಷ್ಟಾಗಿದ್ದ ಶ್ಟೆಫಾನ್, "ನೀನು ಎಲ್ಲಾದ್ರೂ ಆಡ್ಕೋ. ನಾನು ಮಾತ್ರ ನನ್ ಜಾಗದಲ್ಲೇ ಕೂರೋದು" ಎಂದ. ಮಗಳು ನಾಡೀನ್ ಟಾರೆಂಟ್ ಶಾಲೆಯ ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸುವವಳು. ಪಂದ್ಯದ ದಿನ ಬ್ಯಾಂಡು ನಮ್ಮ ತಂಡದ ಪರ, ಶ್ಟೆಫಾನ್ ಕೂರುವ ಸಾಲಿನ ಪಕ್ಕದಲ್ಲೇ.

"ಅಪ್ಪಾ, ನಾನು ಮೆಲ್ಲಗೆ ಬಾರಿಸಲ್ಲ, ಹೇಳಿರ್ತೀನಿ" ಎಂದಳು.

"ಹರಿದು ಹೋಗೋ ಹಾಗೆ ಬಾರಿಸು" ಎಂದ ಆರ್ಲೊ. "ನಿನ್ ಡೋಲು ಕೇಳಿದ್ರೆ ಅಜ್ಜ ಎಲ್ಲಿ ಕೂತಿದಾನೆ ಅಂತ ನಂಗೆ ಗೊತ್ತಾಗತ್ತೆ."

ನವೆಂಬರಿನ ಕೊರೆಯುವ ಚಳಿಯಲ್ಲಿ ವೈಲಿಯವರು ನಮ್ಮ ಮೈದಾನಕ್ಕೆ ಬಂದರು. ಆರ್ಲೊ ಹೊರಬಂದಾಗ ಬೆಂಚುಗಳಲ್ಲಿ ಕೂತವರು ದಿಂಬು ಹರಿದು ತೂರಿದರು, ಗಾಳಿಯೆಲ್ಲ ಪುಕ್ಕ. "ಪುಕ್ಕಲ! ಪುಕ್ಕಲ!" ಎಂಬ ಕೂಗಿಗೆ ಗಾರ್ತ್‌ನದೇ ಮುಂದಾಳತ್ವ. ಆರ್ಲೊ ಹೆಲ್ಮೆಟ್ಟಿನ ಸರಳಿಗೆ ಅಂಟಿದ ಪುಕ್ಕವನ್ನು ಕೂಡ ತೆಗೆಯಲಿಲ್ಲ.

ನಮ್ಮ ಹುಡುಗರು ತಡೆಯಲು ನಿಂತ ರೀತಿಯೆಲ್ಲ ಅವನೇ ಕಲಿಸಿದ್ದು. ಯಾರು ಯಾವ ಕಾಲು ಮೊದಲು ಎತ್ತುತ್ತಾನೆ, ಯಾರು ಎಸೆಯುವವನ ಕಣ್ಣು ನೋಡಿ ಮೋಸ ಹೋಗುತ್ತಾನೆ, ಎಲ್ಲ ಅವನಿಗೆ ಬಾಯಿಪಾಠ. ಎಡಕ್ಕೆ ನೋಡಿ ಬಲಕ್ಕೆ ಎಸೆದ. ಮತ್ತೆ ಅದೇ ಕಡೆ ಎಸೆದ. ಚೆಂಡು ಅವರ ಬಳಿ ಇದ್ದಾಗ ನನ್ನ ಸರದಿಯಿಲ್ಲದೆ ಅಂಚಿನಲ್ಲಿ ಕೂತು ನೋಡುತ್ತಿದ್ದ ನನಗೆ ನಮ್ಮ ಮನೆಯನ್ನು ಮನೆಯವನೇ ದೋಚುತ್ತಿದ್ದಾನೆ ಅನ್ನಿಸಿತು. ಆಟದ ನಾಲ್ಕು ಪಾಳಿಗಳಲ್ಲಿ ಮೂರನೆಯದು ಮುಗಿಯುವಷ್ಟರಲ್ಲಿ ಕೂಗು ನಿಂತಿತ್ತು. ನಾಡೀನ್‌ಳ ಡೋಲು ಮಾತ್ರ ನಿಲ್ಲಲಿಲ್ಲ.

ಕೊನೆಯ ನಿಮಿಷ. ವೈಲಿಯವರು ಎಷ್ಟೋ ಮುಂದಿದ್ದರು, ಚೆಂಡೂ ಅವರದೇ. ಇಂಥ ಹೊತ್ತಿನಲ್ಲಿ ಗೆದ್ದವನು ಚೆಂಡು ಹಿಡಿದು ಒಂದು ಮಂಡಿ ಊರುತ್ತಾನೆ. ಹೊತ್ತು ತಾನಾಗಿ ಕಳೆಯುತ್ತದೆ, ಸೋತವನ ಮಾನ ಉಳಿಯುತ್ತದೆ. ಅದು ಪದ್ಧತಿ. ನಾನು ಹೆಲ್ಮೆಟ್ ತೆಗೆದೆ. ನಮ್ಮವರು ಕೈ ಇಳಿಬಿಟ್ಟು ನಿಂತರು.

ಆರ್ಲೊ ಮಂಡಿಯೂರಲಿಲ್ಲ. ಚೆಂಡು ತೆಗೆದುಕೊಂಡು ಹಿಂದಕ್ಕೆ ಸರಿದು, ಇಡೀ ಮೈ ತಿರುಗಿಸಿ, ಅವನ ಜೀವಮಾನದಲ್ಲೇ ನಾನು ಕಂಡ ಅತಿ ಉದ್ದದ ಎಸೆತ ಎಸೆದ. ಅದು ಗಾರ್ತ್ ಕೂರುವ ಬೆಂಚುಗಳ ಕೆಳಗಿನ ಮೂಲೆಯಲ್ಲಿ ವೈಲಿಯ ಹುಡುಗನ ಕೈಗೆ ಬಿತ್ತು; ವೈಲಿಗೆ ಬೇಕಿಲ್ಲದ ಇನ್ನಷ್ಟು ಅಂಕ.

ಪೆಲ್ ಮೈದಾನದ ಅಂಚಿಗೆ ಓಡಿಬಂದು, "ನಾಚಿಕೆಯಿಲ್ವೇನೋ!" ಎಂದು ಕಿರುಚಿದ.

"ಕೈ ಸರಿಯಾಗಿದೆ ಅಂತ ಇವತ್ತೂ ರೇಡಿಯೋದಲ್ಲಿ ಹೇಳು" ಎಂದು ಆರ್ಲೊ ಅವನನ್ನು ದಾಟಿ ನಡೆದ. ಕಟಕಟೆಯ ಬಳಿ ನಿಂತು ಹೆಲ್ಮೆಟ್ ತೆಗೆದ. "ಗಾರ್ತ್, ನಮ್ಮಪ್ಪನ್ನ ತಳ್ಳಿದ್ದು ಯಾರು ಅಂತ ನೀನು ಹೇಳ್ತೀಯಾ, ನಾನು ಹೇಳ್ಲಾ?"

ಗಾರ್ತ್ ಬೆಂಚಿನ ಅಂಚು ಹಿಡಿದುಕೊಂಡ. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಸರಿದು ಕೂತರು.

"ಕುಡಿದಿದ್ದೆ ಆರ್ಲೊ... ನಿನ್ ಮೇಲಿನ ಪ್ರೀತಿಗೇ..."

"ನಿನ್ ಪ್ರೀತಿ ನಮ್ಮಪ್ಪನ ಸೊಂಟದಲ್ಲಿದೆ. ಮೊಳೆ ಹೊಡೆದು ಕೂರ್ಸಿದಾರೆ."

"ಸಾಕು ಬಾರೋ" ಎಂದ ಶ್ಟೆಫಾನ್ ಕೆಳಗಿನ ಸಾಲಿನಿಂದ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು ಅನ್ನುವುದು ಅವನ ಮುಖದಲ್ಲೇ ಇತ್ತು.

ಆ ಚಳಿಗಾಲ ಪೆಲ್ ತಂಡವನ್ನು ಮಾರಿ ಊರು ಬಿಟ್ಟ. ಜನ ಗಾರ್ತ್‌ನ ಬಾರಿಗೆ ಹೋಗುವುದು ಬಿಟ್ಟರು, ತಾವೆಲ್ಲ ಪಾಪವೇ ಅರಿಯದವರ ಹಾಗೆ. ಬೇಕರಿಯ ಮುಂದೆ ಮತ್ತೆ ಸಾಲು ನಿಂತಿತು. ವಿಲ್ಮಾ ಬ್ರೆಡ್ಡು ಕೊಟ್ಟಳು, ನಗು ಕೊಡಲಿಲ್ಲ. ಆರ್ಲೊನ ಕೈ ಕುಲುಕಲು ಬಂದವರಿಗೆ ಅವನು ಕೈ ಜೇಬಿನಲ್ಲೇ ಇಟ್ಟುಕೊಂಡು, "ಗಾರ್ತ್ ತಳ್ಳಿದ. ನೀವೇನು ಕುರುಡರಾಗಿದ್ರಾ?" ಎಂದು ಕೇಳುತ್ತಿದ್ದ. ವೈಲಿಗೇ ಹೋಗಿ ಇರಬಾರದೇ ಎಂದು ನಾನು ಒಮ್ಮೆ ಹೇಳಿದೆ. ಅಷ್ಟರಲ್ಲಿ ನಾವು ಮತ್ತೆ ಮಾತಾಡುವಂತಾಗಿದ್ದೆವು.

"ನಾನ್ಯಾಕೆ ಹೋಗ್ಲಿ? ಇಲ್ಲೇ ಇರ್ತೀನಿ. ದಿನಾ ಬೆಳಗಾದ್ರೆ ನನ್ ಮುಖ ನೋಡ್ಲಿ."

ಶ್ಟೆಫಾನ್ ಕೆಲವು ವರ್ಷಗಳ ನಂತರ ನಿದ್ದೆಯಲ್ಲೇ ಹೋದ. ಇಡೀ ಟಾರೆಂಟ್ ಚರ್ಚಿಗೆ ಬಂತು. ಗಾರ್ತ್ ಕೂಡ ಕಪ್ಪು ಸೂಟು ಹಾಕಿಕೊಂಡು, ತಲೆ ಬಾಚಿಕೊಂಡು ಬಂದ. ವಿಲ್ಮಾ ಮೆಟ್ಟಿಲ ಮೇಲೆ ಅವನ ಎದೆಗೆ ಅಂಗೈ ಒಡ್ಡಿದಳು. "ಇಲ್ಲಿ ಬೇಡ." ಅವನು ರಸ್ತೆಯಾಚೆ ಹೋಗಿ ಹಿಮದಲ್ಲಿ ನಿಂತ. ಪೂಜೆ ಮುಗಿದು ನಾವು ಶವಪೆಟ್ಟಿಗೆ ಹೊತ್ತು ಹೊರಬಂದಾಗಲೂ ಅಲ್ಲೇ ಇದ್ದ. ಕಿವಿ ಕೆಂಪಾಗಿದ್ದವು. ನಾಡೀನ್ ಒಮ್ಮೆ ಅತ್ತ ನೋಡಿ, ಅಮ್ಮನ ಕಡೆ ನೋಡಿ, ಮುಖ ತಿರುಗಿಸಿದಳು.

ಸ್ಮಶಾನದಿಂದ ಬರುವಾಗ ನಾನು ಆರ್ಲೊನನ್ನು ಕೇಳಿದೆ: "ಇನ್ನೂ ಸಾಕಾಗಿಲ್ವೇನೋ?"

ಅವನು ಯೋಚಿಸಿಯೇ ಹೇಳಿದ. "ಇಲ್ಲ ಕಣೋ. ಸಾಕಾಗತ್ತೆ ಅಂದ್ಕೊಂಡಿದ್ದೆ."

ಆಮೇಲೆ ಕಾರು ನಿಲ್ಲಿಸು ಎಂದು ಇಳಿದು, ಉಳಿದ ದಾರಿಯನ್ನು ಒಬ್ಬನೇ ನಡೆದು ಮನೆಗೆ ಹೋದ.