ಗಂಟೆ ಕಟ್ಟಿಕೊಂಡು ನಡೆದವರು

ದೊಡ್ಡಮಾವನ ಬಲಗೈ ಯಾವಾಗಲೂ ಸೊಂಟದಿಂದ ಒಂದು ಗೇಣು ಹಿಂದೆಯೇ ಇರುತ್ತಿತ್ತು. ಬೆರಳುಗಳು ಅರ್ಧ ಮಡಿಚಿ, ಕಾಣದ ಹಗ್ಗವೊಂದನ್ನು ಹಿಡಿದಂತೆ. ಮದುವೆ ಛತ್ರದಲ್ಲಿ ಊಟದ ಪಂಕ್ತಿಗೆ ನಡೆದು ಬರುವಾಗಲೂ ಹಾಗೆಯೇ. ಹಿಂದೆ ಬರುವವರು, ಈ ಹಗ್ಗದ ಇನ್ನೊಂದು ತುದಿಯಲ್ಲಿ ತಾವೇ ಇದ್ದೇವೇನೋ ಎಂಬ ಅನುಮಾನದಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದರು. ಮೀಸೆ ಮೂಡುವ ಮೊದಲಿನಿಂದ ಪ್ರಾಣಿಗಳ ಮುಂದೆ ನಡೆದ ಕೈ ಅದು. ಪ್ರಾಣಿ ಇಲ್ಲದಾಗ ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವರು ನನ್ನ ಹೆಂಡತಿಯ ದೊಡ್ಡಪ್ಪ. ಅವಳ ತಂದೆ ಬೇಗ ತೀರಿಕೊಂಡದ್ದರಿಂದ ಧಾರೆ ಎರೆದವರೂ ಅವರೇ. ಗುಡೇಮಾರನಹಳ್ಳಿಯ ಕಡೆಯ ಆ ಮನೆಯಲ್ಲಿ ಒಂದು ಅಲಿಖಿತ ಶಾಸನವಿತ್ತು: ಅಳಿಯ ಕೇಳಿದ್ದಕ್ಕೆ ಇಲ್ಲ ಎನ್ನಬಾರದು. ಈ ಶಾಸನದ ಬಲ ನನಗೆ ಗೊತ್ತಾದದ್ದು ಮದುವೆಯ ಹೊಸತರಲ್ಲಿ. ಹಜಾರದಲ್ಲಿ ಮಲಗಿ ಎದ್ದವನು, ಏನೋ ಒಂದು ಮಾತಾಡಬೇಕಲ್ಲ ಎಂದು, "ನಿಮ್ಮ ಹುಂಜ ಬಹಳ ಬೇಗ ಕೂಗುತ್ತೆ" ಎಂದೆ. ಮಧ್ಯಾಹ್ನ ಆ ಹುಂಜ ಮುದ್ದೆಯ ಪಕ್ಕದಲ್ಲಿ, ಸಾರಿನೊಳಗೆ, ಅತ್ಯಂತ ಮೌನವಾಗಿ ಬಂದು ನನ್ನೆದುರು ಕೂತಿತು.

"ಆ ಮನೇಲಿ ಬಾಯಿ ಬಿಡೋಕ್ ಮುಂಚೆ ಒಸಿ ಯೋಚ್ನೆ ಮಾಡಿ," ಎಂದಳು ಹೆಂಡತಿ. "ದೊಡ್ಡಪ್ಪ ನಿಮ್ಗೆ ಇಲ್ಲ ಅನ್ನಲ್ಲ."

ನಾನು ಯೋಚನೆ ಮಾಡಿದೆ. ಸುಮಾರು ಮೂವತ್ತು ವರ್ಷ ಯೋಚನೆ ಮಾಡಿಯೇ ಬಾಯಿ ಬಿಟ್ಟೆ. ಕೆಟ್ಟದ್ದು ಆಮೇಲೆ.

ರಾಮನಗರದಲ್ಲಿ ರೇಷ್ಮೆಗೂಡಿನ ವ್ಯವಹಾರದ ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ, ಹೆಂಡತಿಯ ಪಾಲಿಗೆ ಬಂದ ಮಾವಿನ ತೋಟದಲ್ಲಿ ಎರಡು ಕೋಣೆ ಕಟ್ಟಿಸಿ, ಬೆಂಗಳೂರಿನವರನ್ನು ಶನಿವಾರ ಭಾನುವಾರ ಕರೆದು ಬೆಟ್ಟ ಹತ್ತಿಸುವ ಘನಕಾರ್ಯಕ್ಕೆ ಕೈ ಹಾಕಿದೆ. ಬೆಟ್ಟ ಹತ್ತುವುದು ನನಗೆ ಆಗದು, ಹತ್ತಿಸುವುದು ಮಾತ್ರ. ದಾರಿ ತೋರಿಸಲು ದೊಡ್ಡಮಾವ ಬಂದರು. ಎಂಬತ್ತರ ಹತ್ತಿರ ಹತ್ತಿರ ವಯಸ್ಸು, ಆಡಿನ ಹಾಗೆ ಬಂಡೆ ಏರುತ್ತಿದ್ದರು. ನೀರಿನ ಕ್ಯಾನು, ಇಡ್ಲಿ ಪಾತ್ರೆ, ಚಾಪೆ, ಕೆಲವೊಮ್ಮೆ ತಮ್ಮ ಮೊಣಕಾಲಿನ ಶಕ್ತಿಯನ್ನು ತಪ್ಪು ತಿಳಿದ ಅತಿಥಿಗಳು, ಇವೆಲ್ಲವನ್ನೂ ಹೊರಲು ಅವರ ಹೇಸರಗತ್ತೆ.

ಅದನ್ನು ಯಾವುದೋ ಇಟ್ಟಿಗೆ ಗೂಡಿನವರು ಹಠಮಾರಿ ಎಂದು ಸಿಕ್ಕಿದ ಬೆಲೆಗೆ ಮಾರುತ್ತಿದ್ದರಂತೆ. ತಲೆತಲಾಂತರದಿಂದ ಕುದುರೆ ಸಾಕಿದ ಮನೆಗೆ ಹೇಸರಗತ್ತೆ ಬಂದದ್ದು ಊರಿಗೆ ದೊಡ್ಡ ತಮಾಷೆಯಾಯಿತು. ಅರಳಿಕಟ್ಟೆಯಲ್ಲಿ ಕೂತಿದ್ದವನೊಬ್ಬ, "ಏನ್ ದೊಡ್ಡಯ್ಯಾ, ಇದ್ರ ಅಪ್ಪ ಯಾರು ಅವ್ವ ಯಾರು ಅಂತ ಇಚಾರಿಸ್ಕಂಡ್ ತಂದ್ರಾ?" ಎಂದ.

"ನಿನ್ ಮದ್ವೇಲಿ ಯಾರ್ಲಾ ಇಚಾರಿಸಿದ್ರು? ಆದ್ರೂ ಎಣ್ಣು ಕೊಡ್ನಿಲ್ವಾ?" ಎಂದು ದೊಡ್ಡಮಾವ ನಿಲ್ಲದೆ ನಡೆದರು. ಕೈ ಹಿಂದೆ, ಹಗ್ಗ ಸಡಿಲ, ಹೇಸರಗತ್ತೆ ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ.

ಅದು ಹಠಮಾರಿಯೇ. ಮೋರಿ ಸಿಕ್ಕರೆ ಪೂರ್ತಿ ಮೂಸಿ ನೋಡದೆ ದಾಟುತ್ತಿರಲಿಲ್ಲ. ಹೊರೆ ಒಂದು ಕಡೆ ಜಾಸ್ತಿಯಾದರೆ ಕೂತೇ ಬಿಡುತ್ತಿತ್ತು. ನನ್ನನ್ನು ಕಂಡರೆ ಕಿವಿ ಹಿಂದಕ್ಕೆ ಮಡಚುತ್ತಿತ್ತು. ನಾನದನ್ನು ಗೌರವವೆಂದು ತಿಳಿದಿದ್ದೆ.

ಇಷ್ಟೆಲ್ಲ ಸಹಿಸಬಹುದಿತ್ತು. ಅದರ ಕೊರಳಿನ ಗಂಟೆ ಮಾತ್ರ ನನ್ನ ವ್ಯಾಪಾರಕ್ಕೆ ಮುಳುವಾಗಿತ್ತು. ಅಂಗೈ ಅಗಲದ ಕಂಚಿನ ಗಂಟೆ. ಒಂದು ಗುಡ್ಡದಾಚೆಗೆ ಕೇಳಿಸುತ್ತಿತ್ತು. ಅದು ಸಾಲದೆಂದು ದೊಡ್ಡಮಾವ ತಿರುವು ಬಂದಾಗಲೆಲ್ಲ ನಿಂತು, "ಬತ್ತಾ ಇದ್ದೀವಿ ಕಣ್ರಪ್ಪಾ, ಒಸಿ ದಾರಿ ಬುಡಿ" ಎಂದು ಪೊದೆಗಳಿಗೆ ಕೂಗಿ ಹೇಳುತ್ತಿದ್ದರು. ಪೊದೆಯಲ್ಲಿ ಇದ್ದವರು ಮರ್ಯಾದೆಯಿಂದ ದಾರಿ ಬಿಟ್ಟು ಹೋಗುತ್ತಿದ್ದರು. ಮೊಲವಿಲ್ಲ, ನವಿಲಿಲ್ಲ, ಜಿಂಕೆಯಂತೂ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕಾಡಂಚಿನಲ್ಲಿ ವನ್ಯಜೀವಿ ನೋಡಲು ಬಂದವರು ಹೇಸರಗತ್ತೆಯ ಹಿಂಭಾಗವನ್ನು ಬೇರೆ ಬೇರೆ ಬೆಳಕಿನಲ್ಲಿ ನೋಡಿಕೊಂಡು ಹಿಂತಿರುಗುತ್ತಿದ್ದರು.

ಒಮ್ಮೆ ತೋಟದಲ್ಲಿ ಅವರು ಅದರ ಮೈ ಉಜ್ಜುತ್ತಿದ್ದಾಗ, ಈ ಗಂಟೆ ಯಾಕೆ ಎಂದು ಕೇಳಿದೆ. ಕೇಳಿದ್ದು ಅಷ್ಟೇ, ತೆಗೆಯಿರಿ ಎನ್ನಲಿಲ್ಲ; ಹುಂಜದ ನೆನಪಿತ್ತು.

ಬೇಟೆಯನ್ನು ನಿಲ್ಲಿಸುವ ಕಾಯ್ದೆ ಬರುವ ಮೊದಲು, ಬೆಂಗಳೂರಿನಿಂದ ಜೀಪಿನಲ್ಲಿ ಕೋವಿ ಇಟ್ಟುಕೊಂಡು ಬರುವ ದೊಡ್ಡ ಮನುಷ್ಯರಿಗೆ ದಾರಿ ತೋರಿಸುವುದು ಅವರ ಮನೆಯ ಕಸುಬಾಗಿತ್ತಂತೆ. ಅವರ ತಂದೆಯ ಒಂದು ಹೆಣ್ಣುಕುದುರೆ ಆ ಕೆಲಸಕ್ಕೆಂದೇ ಪಳಗಿತ್ತು. ಅದು ಅಡ್ಡಡ್ಡಲಾಗಿ, ಹುಲ್ಲು ಮೇಯುತ್ತ ಮೇಯುತ್ತ ಜಿಂಕೆಗಳ ಹತ್ತಿರಕ್ಕೆ ಹೋಗುತ್ತಿತ್ತು. ಅದರ ಪಕ್ಕೆಯ ಮರೆಯಲ್ಲಿ ಬಗ್ಗಿಕೊಂಡು ಕೋವಿ. ಕುತ್ತಿಗೆಯ ಮರೆಯಲ್ಲಿ ಹಗ್ಗ ಹಿಡಿದ ದೊಡ್ಡಮಾವ.

"ಜಿಂಕೆ ಮನ್ಸನ್ನ ನಂಬಾಕಿಲ್ಲ ಅಳಿಯಂದ್ರೇ. ಕುದ್ರೆನ ನಂಬ್ತದೆ," ಎಂದರು. "ಒಂದ್ಸಲ ಒಂದು ಎಣ್ಣು ಜಿಂಕೆ ನಾವು ಅಷ್ಟು ಅತ್ರ ವೋದ್ರೂ ಓಡ್ನೇ ಇಲ್ಲ. ಕುದ್ರೆ ಮಕ ನೋಡ್ಕಂಡು ನಿಂತಿತ್ತು. ಹೊಡುದ್ರು. ಬಿದ್ಮ್ಯಾಲೂ ಕುದ್ರೆ ಮಕಾನೇ ನೋಡ್ತಿತ್ತು. ನಮ್ಮನ್ನ ನೋಡ್ನೇ ಇಲ್ಲ."

"ಕುದುರೆ ಏನು ಮಾಡ್ತು?"

"ಏನ್ ಮಾಡೀತು? ಮೇಯಿ ಅಂದಿದ್ದೆ. ಮೇಯ್ತಾ ಇತ್ತು."

ಹೇಸರಗತ್ತೆಯ ಇನ್ನೊಂದು ಪಕ್ಕಕ್ಕೆ ಬಂದು ಉಜ್ಜತೊಡಗಿದರು.

"ಕುದ್ರೆ ಒಳ್ಳೆ ಪ್ರಾಣಿ. ಯೋಳಿದ್ದು ಕೇಳ್ತದೆ. ಅದೇ ಅದ್ರ ಕರ್ಮ. ಅದ್ಕೇಯ ಈ ಸಲ ಇದನ್ನ ತಂದೆ. ಇದು ಯಾರಪ್ಪನ್ ಮಾತೂ ಕೇಳಾಕಿಲ್ಲ. ಆದ್ರೂ ಇರ್ಲಿ ಅಂತ ಗಂಟೆ ಕಟ್ಟಿವ್ನಿ. ನಾನ್ ಇಡ್ಕಂಡ್ ಬರೋ ಪ್ರಾಣಿ ನೋಡಿ ಇನ್ನೊಂದು ಪ್ರಾಣಿ ಮೋಸ ಓಗ್ಬಾರ್ದು. ನಾವ್ ಬತ್ತಾ ಇರೋದು ಅವ್ಕೆ ಗೊತ್ತಾಗ್ಬೇಕು."

ಇದನ್ನೆಲ್ಲ ನಾನು ಕಿವಿಯಾರೆ ಕೇಳಿದ್ದೆ. ಕೇಳಿಲ್ಲ ಎನ್ನಲು ನನಗೆ ದಾರಿಯಿಲ್ಲ.

ಆ ಬೇಸಿಗೆಯಲ್ಲಿ ಕ್ಯಾಮೆರಾದ ಅತಿಥಿ ಮೂರನೆಯ ಸಲ ಬಂದರು. ಮನೆಮಂದಿಯೊಂದಿಗೆ ಬರುತ್ತಿದ್ದ ಸಜ್ಜನರು. ಮೊಳದುದ್ದದ ಲೆನ್ಸು. ಎರಡು ಸಲ ಬಂದು ಅವರು ತೆಗೆದ ಅತ್ಯುತ್ತಮ ಚಿತ್ರ ನಮ್ಮ ಇಡ್ಲಿ ಪಾತ್ರೆಯದು. ಹೊರಡುವ ಹೊತ್ತಿಗೆ ಅವರು ಗಂಟೆಯನ್ನು ನೋಡಿ, ನನ್ನನ್ನು ನೋಡಿ, "ಈ ಸಲಾನೂ ಇದೇನಾ ಸರ್?" ಎಂದು ನಕ್ಕರು. ಅವರ ಮಕ್ಕಳೂ ನಕ್ಕರು. ನಾಲ್ಕು ಜನರೆದುರು ಯಜಮಾನನೆನಿಸಿಕೊಂಡವನಿಗೆ ಅಂಥ ನಗು ಎಲ್ಲಿ ತಾಗುತ್ತದೋ ಅಲ್ಲೇ ನನಗೂ ತಾಗಿತು.

"ದೊಡ್ಡಮಾವ," ಎಂದೆ, ಎಲ್ಲರಿಗೂ ಕೇಳುವಂತೆ. "ಇವತ್ತೊಂದಿನ ಗಂಟೆ ಬಿಚ್ಚಿದ್ರೆ ಹೆಂಗೆ?"

ಅವರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಈ ಬರಹಕ್ಕೆ ಕಾರಣವಿರುತ್ತಿರಲಿಲ್ಲ. ತಮಾಷೆಗೆ ಅಂದೆ ಎಂದು ನಾನು ಹೇಳಲಿ ಎಂದು ಕಾಯುತ್ತಿದ್ದರೋ ಏನೋ. ನಾನು ಹೇಳಲಿಲ್ಲ.

"ಆಗ್ಲಿ ಬುಡಿ, ಅಳಿಯಂದ್ರು ಅಂದ್ಮ್ಯಾಲೆ," ಎಂದು ಗಂಟೆ ಬಿಚ್ಚಿ, ಹೆಗಲ ಟವೆಲಿನಲ್ಲಿ ಸುತ್ತಿ, ಎದೆಗೊತ್ತಿ ಹಿಡಿದುಕೊಂಡರು.

ಹೇಸರಗತ್ತೆ ಕದಲಲಿಲ್ಲ. ಹಗ್ಗ ಜಗ್ಗಿದರೂ ಇಲ್ಲ, ಬೆಲ್ಲ ತೋರಿಸಿದರೂ ಇಲ್ಲ. ನಾಲ್ಕು ಕಾಲನ್ನೂ ನೆಟ್ಟು, ತಲೆಯನ್ನು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಒದರಿತು. ಸದ್ದು ಬರಲಿಲ್ಲ. ಮತ್ತೆ ಒದರಿತು. ನಾನು ಹಿಂದಿನಿಂದ ತಳ್ಳುವ ಸಾಹಸಕ್ಕೂ ಮುಂದಾದೆ. ಅದು ಒದೆಯಲಿಲ್ಲ, ಅಷ್ಟರಮಟ್ಟಿಗೆ ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ಬೆಟ್ಟದ ತಪ್ಪಲಿನಲ್ಲಿ ಅವತ್ತು ಸರಿಯಾದ ಬುದ್ಧಿ ಇದ್ದದ್ದು ಅದೊಂದಕ್ಕೇ.

ಕೊನೆಗೆ ದೊಡ್ಡಮಾವ ತಮ್ಮ ಹಣೆಯನ್ನು ಅದರ ಹಣೆಗೆ ಒತ್ತಿ ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ಅದು ನಡೆಯಿತು.

ಬಂಡೆಯ ನಡುವೆ ಮಳೆನೀರು ನಿಲ್ಲುವ ಒಂದು ದೊಣೆ ಇದೆ. ಬೇಸಿಗೆಯಲ್ಲಿ ಸುತ್ತಲಿಗೆಲ್ಲ ನೀರು ಅದೊಂದರಲ್ಲೇ. ಅವತ್ತು ದೊಡ್ಡಮಾವನ ಕೂಗೂ ಇರಲಿಲ್ಲ; ನಾವು ತಿರುವು ದಾಟಿದಾಗ ಅಲ್ಲಿ ಒಂದು ಹೆಣ್ಣು ಜಿಂಕೆ, ಜೊತೆಗೆ ಮರಿ. ಜಿಂಕೆ ತಲೆಯೆತ್ತಿತು. ಹೇಸರಗತ್ತೆಯನ್ನು ನೋಡಿತು. ನೋಡಿ, ತಲೆ ಬಗ್ಗಿಸಿ ಮತ್ತೆ ನೀರಿಗೆ ಬಾಯಿ ಹಾಕಿತು.

ಕ್ಯಾಮೆರಾದ ಅತಿಥಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವರಷ್ಟಕ್ಕೆ ಅವರೇ ಬಗ್ಗಿದರು, ಹೇಸರಗತ್ತೆಯ ಪಕ್ಕೆಯ ಮರೆಗೆ ಸೇರಿದರು, ಅದರ ಬೆನ್ನಿನ ಮೇಲೆ ಲೆನ್ಸನ್ನು ಇಟ್ಟು ಒಂದು ಕಣ್ಣು ಮುಚ್ಚಿದರು. ನಾನೂ ಬಗ್ಗಿದೆ. ದೊಡ್ಡಮಾವ ಮಾತ್ರ ಕುತ್ತಿಗೆಯ ಮರೆಯಲ್ಲಿ ಹಗ್ಗ ಹಿಡಿದು ನೆಟ್ಟಗೆ ನಿಂತಿದ್ದರು. ಯಾವಾಗಲೂ ಅರ್ಧ ತೆರೆದಿರುತ್ತಿದ್ದ ಆ ಬಲಗೈ ಪೂರ್ತಿ ಮುಚ್ಚಿಕೊಂಡಿತ್ತು. ಮರಿ ನೀರು ಬಿಟ್ಟು, ಕುತೂಹಲದಿಂದ, ಹೇಸರಗತ್ತೆಯ ಮುಖವನ್ನೇ ನೋಡುತ್ತ ನಾಲ್ಕು ಹೆಜ್ಜೆ ಹತ್ತಿರ ಬಂತು. ಕ್ಯಾಮೆರಾ ಕಟಕಟ ಎಂದಿತು.

ಏನೂ ಆಗಲಿಲ್ಲ. ಇದನ್ನು ನಾನು ನನ್ನ ಪರವಾಗಿ ಎಷ್ಟೋ ಸಲ ವಾದಿಸಿದ್ದೇನೆ. ಒಂದು ತೊಟ್ಟು ರಕ್ತ ಬೀಳಲಿಲ್ಲ. ತಾಯಿ ಮರಿ ಎರಡೂ ನೀರು ಕುಡಿದು, ತಮ್ಮ ಪಾಡಿಗೆ ಕುರುಚಲಿನೊಳಗೆ ಹೋದವು. ಅತಿಥಿಗಳು ನನ್ನ ಕೈ ಕುಲುಕಿದರು. ನನ್ನ ವಾದಕ್ಕೆ ಎದುರು ವಾದ ಮಾಡಿದವರು ಇದುವರೆಗೆ ಯಾರೂ ಇಲ್ಲ. ಆದರೂ ಗೆದ್ದೆ ಎನಿಸಿಲ್ಲ.

ಇಳಿಯುವಾಗ ದೊಡ್ಡಮಾವ ಗಂಟೆಯನ್ನು ಟವೆಲಿನಿಂದ ತೆಗೆಯಲಿಲ್ಲ. ತಿರುವುಗಳಲ್ಲಿ ಕೂಗಲೂ ಇಲ್ಲ. ತೋಟಕ್ಕೆ ಬಂದು ಹೊರೆ ಇಳಿಸಿದ ಮೇಲೆ ನಾನು ಹತ್ತಿರ ಹೋಗಿ, "ಬೇಜಾರಾಯ್ತಾ?" ಎಂದೆ. ಎಂಥ ಪ್ರಶ್ನೆ.

"ನಿಮ್ಮ್ಯಾಲೆ ಏನೂ ಇಲ್ಲ ಬುಡಿ ಅಳಿಯಂದ್ರೇ. ನೀವು ಕೇಳುದ್ರಿ, ನಾನು ಬಿಚ್ಚುದೆ. ಆವತ್ತೂ ದೊಡ್ ಮನ್ಸ್ರು ಕೇಳಿದ್ರು, ಕುದ್ರೆ ಇಡ್ಕಂಡೋದೆ." ಹೇಸರಗತ್ತೆಯ ಕಡೆ ತಿರುಗಿದರು. "ಇದು ಯಾರ್ ಮಾತೂ ಕೇಳಾಕಿಲ್ಲ ಅಂತ ತಂದಿದ್ದೆ. ನನ್ ಮಾತ್ ಕೇಳ್ಬುಡ್ತಲ್ಲ."

ಆ ಮರಿಜಿಂಕೆಯ ಚಿತ್ರ ಫೋನಿನಿಂದ ಫೋನಿಗೆ ಹಾರಿ ನನಗೆ ಕೀರ್ತಿ ತಂದಿತು. ಕೋಣೆಗಳು ತುಂಬಿದವು. ಬುಕ್ ಮಾಡುವವರು, "ಗಂಟೆ ಇಲ್ಲದ ಟ್ರಿಪ್ ಯಾವಾಗ?" ಎಂದೇ ಕೇಳುತ್ತಿದ್ದರು. ದೊಡ್ಡಮಾವ ಬರಲಿಲ್ಲ. ಕಾಲು ನೋವು ಎಂದು ಹೇಳಿಕಳಿಸಿದರು. ಅಳಿಯನಿಗೆ ಇಲ್ಲ ಎನ್ನಲಾಗದ ಮನೆಯಲ್ಲಿ ಕಾಲು ನೋಯುವುದೊಂದೇ ದಾರಿ.

ಒಂದು ದಿನ ಅವರೇ ನಡೆದುಕೊಂಡು ಬಂದರು, ನೋಯದ ಕಾಲಿನಲ್ಲಿ. ಹೇಸರಗತ್ತೆಗೆ ಹೊಸ ಹಗ್ಗ, ಕೊರಳಲ್ಲಿ ಉಜ್ಜಿ ಹೊಳೆಯುವ ಗಂಟೆ. ಹಗ್ಗವನ್ನು ನನ್ನ ಕೈಗಿಟ್ಟರು.

"ಮದ್ವೇಲಿ ಅಳಿಯಂದ್ರಿಗೆ ವಾಚು ಬುಟ್ರೆ ಬ್ಯಾರೆ ಏನೂ ಕೊಡ್ನಿಲ್ಲ. ಇದ್ನ ಇಟ್ಕಳಿ."

"ನನ್ನ ಮಾತು ಇದು ಕೇಳುತ್ತಾ ದೊಡ್ಡಮಾವ?"

"ಕೇಳ್ದೇ ಇರ್ಲಿ ಅಂತ ದೇವ್ರನ್ನ ಬೇಡ್ಕಳಿ," ಎಂದು ನಕ್ಕರು.

ಆಗ ನನಗೆ ತಡೆಯಲಾಗಲಿಲ್ಲ. ತಪ್ಪಾಯಿತು ಎಂದು ಕಾಲಿಗೆ ಬಗ್ಗಿದೆ. ಅವರು ಎರಡು ಹೆಜ್ಜೆ ಹಿಂದೆ ಹಾರಿದರು. "ಅಯ್, ಬುಡಿ ಬುಡಿ! ಅಳಿಯಂದ್ರು ಮಾವನ್ ಕಾಲಿಗೆ ಬೀಳೋದು ದೀಪಾವಳಿಲಿ, ಒಸ ಬಟ್ಟೆ ಈಸ್ಕಂಡು. ಆವಾಗ್ ಬೀಳಿವ್ರಂತೆ. ಇನ್ನೂ ಟೈಮ್ ಐತೆ."

ಇರಲಿಲ್ಲ. ದಸರಾ ಕಳೆದ ವಾರ, ಬೆಳಗಿನ ಮುದ್ದೆ ಉಂಡು ಜಗಲಿಗೆ ಒರಗಿದವರು ಮತ್ತೆ ಏಳಲಿಲ್ಲ. ಆ ವರ್ಷ ಮನೆಯಲ್ಲಿ ದೀಪಾವಳಿಯೂ ಇರಲಿಲ್ಲ.

ಅಂಗಳದಲ್ಲಿ ಮಲಗಿಸಿದ್ದಾಗ ಬಲಗೈ ಹಾಗೆಯೇ ಇತ್ತು, ಅರ್ಧ ಮಡಿಚಿ. ಊರಿನ ಹಿರಿಯರೊಬ್ಬರು, "ಅಳಿಯಂದ್ರೇ, ಆ ಬೆರಳು ಒಸಿ ನೇರ ಮಾಡಿ" ಎಂದರು. ನಾನು ಕೈ ಹಿಡಿದು ಕೂತೆ. ನೇರ ಮಾಡಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ. ಅಳಿಯನಾದವನು ಮಾಡದಿದ್ದರೆ ಆ ಮನೆಯಲ್ಲಿ ಕೇಳುವವರು ಯಾರು?

ಈಗ ಬೆಟ್ಟಕ್ಕೆ ಮುಂದೆ ನಡೆಯುವವನು ನಾನು. ಏದುಸಿರು ಬಿಡುತ್ತ, ಗಂಟೆ ಬಾರಿಸಿಕೊಂಡು, ತಿರುವಿಗೊಮ್ಮೆ ನಿಂತು ಪೊದೆಗಳಿಗೆ ನಮ್ಮ ಆಗಮನವನ್ನು ಘೋಷಿಸುತ್ತ. "ಏನು ಕಾಣುತ್ತೆ?" ಎಂದು ಕೇಳುವವರಿಗೆ, "ಬೆಟ್ಟ" ಎನ್ನುತ್ತೇನೆ. ಕೋಣೆಗಳು ಖಾಲಿ ಇರುವ ವಾರಗಳೇ ಜಾಸ್ತಿ. ಹೆಂಡತಿ ಒಮ್ಮೆಯೂ ಅದರ ಮಾತೆತ್ತಿಲ್ಲ.

ದೊಣೆಯ ತಿರುವು ಬಂದಾಗ ಹೇಸರಗತ್ತೆ ತಾನಾಗಿ ನಿಲ್ಲುತ್ತದೆ. ತಲೆ ಒದರಿ ಗಂಟೆ ಬಾರಿಸುತ್ತದೆ, ಕಿವಿ ಮುಂದೆ ಮಾಡಿ ಆಲಿಸುತ್ತದೆ. ಒಮ್ಮೊಮ್ಮೆ ಬಹಳ ಹೊತ್ತಾಗುತ್ತದೆ. ಅತಿಥಿಗಳು ಬಿಸಿಲಿನಲ್ಲಿ ಗೊಣಗುತ್ತಾರೆ, ಹಗ್ಗ ಜಗ್ಗಿ ಸರ್, ಏನಾದರೂ ಹೇಳಿ ಸರ್, ಎನ್ನುತ್ತಾರೆ. ನಾನು ಹಗ್ಗವನ್ನು ಸಡಿಲ ಹಿಡಿದು ಸುಮ್ಮನೆ ನಿಲ್ಲುತ್ತೇನೆ. ನಡೆ ಎಂದು ಅದಕ್ಕೆ ಇವತ್ತಿನವರೆಗೂ ಹೇಳಿಲ್ಲ. ಹೇಳಿದರೆ ಎಲ್ಲಿ ಕೇಳಿಬಿಡುತ್ತದೋ ಎಂಬ ಹೆದರಿಕೆ.