ಚಾಪೆ ಮಡಚಿ ನಿಂತ ಸಂಜೆ

"ಪಾಟಿ, ಇಲ್ಲಿ ಯಾರೂ ಕೂರೋ ಹಾಗಿಲ್ಲ. ಚಾಪೆ ಎತ್ಕೊಂಡು ಹಿಂದಕ್ಕೆ ಹೋಗಿ," ಎಂದು ಕಾರ್ಯಕ್ರಮ ನೋಡಿಕೊಳ್ಳುವ ಹುಡುಗಿ, ತಮಿಳಿನಲ್ಲಿ ಅಜ್ಜಿ ಎಂದು ಕರೆಯುತ್ತಾ, ನನ್ನ ಮುಂದೆ ಬಂದು ನಿಂತಳು. ಹೊಸೂರಿನ ಮೈದಾನದಲ್ಲಿ ಹಾಡು ಇನ್ನೇನು ಶುರುವಾಗುವುದರಲ್ಲಿತ್ತು. ಮೊಮ್ಮಗಳು ಟಿಕೆಟ್ ತೆಗೆದು ಕರೆತಂದಿದ್ದಳು. ನಾನೋ ನಮ್ಮೂರು ಉದ್ದನಪಲ್ಲಿಯಲ್ಲಿ ನಾಟಕಕ್ಕೆ ಹೋಗುವಂತೆ ಚಾಪೆ ತಂದು ವೇದಿಕೆಯ ಹತ್ತಿರವೇ ಹಾಸಿದ್ದೆ. ಸುತ್ತ ಕಾರ್ಖಾನೆ ಕೆಲಸದ ಹುಡುಗ ಹುಡುಗಿಯರೆಲ್ಲ ನಿಂತೇ ಇದ್ದರು. ಈಗ ಸಂಗೀತಕ್ಕೆ ಬರುವವರು ಕೂರುವುದಿಲ್ಲವಂತೆ.

ಜೊತೆಗೆ ಬಂದಿದ್ದ ನನ್ನ ಓರಗಿತ್ತಿಗೆ ಅಷ್ಟೇ ಸಾಕಾಯಿತು. "ನಡಿಯಕ್ಕ, ಗಂಡ ಇಲ್ದೋಳು ಮುಂದೆ ಬಂದು ನಿಂತವ್ಳೆ ಅಂತ ನಾಳೆ ಊರೆಲ್ಲ ಆಡ್ಕೊಂತಾರೆ," ಎಂದು ಸೆರಗು ಎಳೆದಳು.

ನನ್ನವರು ಹೋದ ಮೇಲೆ ಮದುವೆ, ನಾಟಕ, ಭಜನೆ ಎಲ್ಲದರಲ್ಲೂ ನಾನು ಹಿಂದಿನ ಗೋಡೆಗೆ ಒರಗಿ ಕೂತವಳು. ಯಾರೂ ಹೇಳದಿದ್ದರೂ ಹೋಗಿ ಕೂರುತ್ತಿದ್ದೆ. ಅವತ್ತು ಮಾತ್ರ ಕಾಲು ಹಿಂದಕ್ಕೆ ಬರಲಿಲ್ಲ. ಚಾಪೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ.

"ಹಿಂದೆ ಕೂತು ಕೂತು ಸಾಕಾಗೈತೆ ಕಣೆ. ಇವ್ರೆಲ್ಲ ನಿಂತ್ಕೊಂಡು ಕೇಳೋದಾದ್ರೆ ನಾನೂ ನಿಂತ್ಕೋತೀನಿ. ನಿಂಗೆ ನಾಚ್ಕೆಯಾದ್ರೆ ನೀನೋಗಿ ಹಿಂದೆ ಕೂತ್ಕೋ," ಎಂದೆ. ಅಷ್ಟು ಜನರ ನಡುವೆ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಕೊನೆಯ ಹಾಡು ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ.

ಮಂಡಿ ನೋವು ಮೂರು ದಿನ ಇತ್ತು, ಊರಿನವರ ಮಾತು ಇನ್ನೂ ಇದೆ. ಇರಲಿ ಮೊಮ್ಮಕ್ಕಳೇ. ಮುಂದಿನ ಸಲ ನೀವು ಹಾಡು ಕೇಳಲು ಹೊರಟಾಗ ನನಗೂ ಒಂದು ಟಿಕೆಟ್ ತೆಗೆಯಿರಿ. ಕುರ್ಚಿ ಇದೆಯೋ ಇಲ್ಲವೋ ಎಂದು ವಿಚಾರಿಸಬೇಡಿ.